ಸಾಲು ಹಚ್ಚುವ ಮಾಳವ್ವ

ನನ್ನ ಮೇಜಿನ ಮೇಲೆ ಪೆನ್ನು, ಕತ್ತರಿ, ಹಳೆಯ ಬಸ್ ಟಿಕೀಟುಗಳನ್ನು ತುರುಕಿದ ತಗಡಿನ ಡಬ್ಬಿಯೊಂದಿದೆ. ನೀವು ಎಂದಾದರೂ ಯಾದಗಿರಿಗೆ ಬಂದು ನಮ್ಮ ಮಾಳಿಗೆ ಮೇಲಿನ ಕೋಣೆಗೆ ಬಂದರೆ ಅದರೊಳಗೆ ಬೆರಳು ಹಾಕಬೇಡಿ. ಹಾಕಿದರೆ ಕೆಂಪಾಗುತ್ತದೆ. ಮೂವತ್ತೇಳು ವರ್ಷದ ಹಿಂದಿನ ಜಾಜು ಅದು, ಎಷ್ಟು ತಿಕ್ಕಿದರೂ ತಳ ಬಿಟ್ಟಿಲ್ಲ. ಜಾಜು ಅಂದರೆ ಕೆಮ್ಮಣ್ಣು. ನಮ್ಮ ಕಡೆ ಗೋಡೆಯ ಬುಡಕ್ಕೆ ಪಟ್ಟಿ ಹೊಡೆಯಲು ಬೇಕು, ಹೊಸ್ತಿಲಿಗೆ ಬೇಕು, ಕುರಿಯ ಬೆನ್ನಿಗೆ ಗುರುತು ಹಾಕಲಂತೂ ಬೇಕೇ ಬೇಕು. ನನ್ನ ಗಂಡ ನಿಂಗಪ್ಪ ಪೆನ್ನು ತೆಗೆದಾಗಲೆಲ್ಲ ಅಂಗಿಗೆ ಕೈ ಒರೆಸಿಕೊಂಡು, ಆಮೇಲೆ ಅಂಗಿ ನೋಡಿಕೊಂಡು, ಕಡೆಗೆ ನನ್ನ ಮುಖ ನೋಡುತ್ತಾನೆ.

"ಈ ಡಬ್ಬಿ ಹೊರಗ ಇಟ್ರ ನಿನ್ನ ಗಂಟೇನು ಹೋಗತೈತಿ?"

"ನಂದೇನೂ ಹೋಗಂಗಿಲ್ಲ. ಇರ್ಲಿ ಬಿಡು," ಎನ್ನುತ್ತೇನೆ.

ಮೊನ್ನೆ ಪೆನ್ನಿನ ಮುಚ್ಚಳ ಒಳಗೆ ಬಿತ್ತೆಂದು ಡಬ್ಬಿಯನ್ನು ಬೋರಲು ಹಾಕಿದೆ. ಉಗುರಿನ ಸಂದಿಗೆ ಕೆಂಪು ಹತ್ತಿತು. ಆ ದಿನ ಕೆಲಸ ಕೆಟ್ಟಿತೆಂದೇ ತಿಳಿಯಿರಿ. ಕೂತಲ್ಲೇ ನನ್ನ ತವರು ಕಕ್ಕೇರಾಕ್ಕೂ ಬೋನಾಳಕ್ಕೂ ಹೋಗಿಬಂದೆ. ಹೋದವಳು ನಿಮ್ಮನ್ನೂ ಒಂದಿಷ್ಟು ದೂರ ಕರೆದುಕೊಂಡು ಹೋಗೋಣವೆಂದು ಬರೆಯಲು ಕೂತಿದ್ದೇನೆ.

ಮೊದಲು ನನ್ನ ಉದ್ಯೋಗ ಹೇಳಬೇಕು. ಹೇಳಿದರೆ ಯಾರೂ ನಂಬುವುದಿಲ್ಲ. ಮೇನ್‌ಫ್ರೇಮ್ ಎಂಬ ಭಾರೀ ಯಂತ್ರವೊಂದು ಹೈದರಾಬಾದಿನ ಯಾವುದೋ ತಂಪು ಕೋಣೆಯಲ್ಲಿ ನಿಂತಿದೆ. ಅದರ ಜೊತೆ ನಾನು ಯಾದಗಿರಿಯ ಈ ಬಿಸಿ ಕೋಣೆಯಲ್ಲಿ ಕೂತು ಮಾತಾಡುತ್ತೇನೆ. ಮಾತಾಡುವುದು ಕರಿ ತೆರೆಯ ಮೇಲೆ ಹಸಿರು ಅಕ್ಷರಗಳಲ್ಲಿ. ಚಿತ್ರವಿಲ್ಲ, ಬಣ್ಣವಿಲ್ಲ, ಮೌಸ್ ಎಂಬ ಇಲಿಯ ಬಾಲ ಹಿಡಿದು ಎಳೆದಾಡುವ ಕೆಲಸವಿಲ್ಲ. ಹೆಸರುಗಳು, ಸಂಖ್ಯೆಗಳು ಸಾಲುಸಾಲಾಗಿ ಕೂತಿರುತ್ತವೆ. ಅವನ್ನು ತಿದ್ದಲು ಎಡಿಟರ್ ಎಂಬ ಹಳೆಯ ಸಲಕರಣೆ ಇದೆ. ಸುರಪುರದಲ್ಲಿ ಬಿಎಸ್‌ಸಿ ಮುಗಿಸಿ, ಹೈದರಾಬಾದಿನಲ್ಲಿ ಆರು ವರ್ಷ ಆ ಯಂತ್ರದ ಸೇವೆ ಮಾಡಿ, ಮದುವೆಯಾಗಿ ಯಾದಗಿರಿಗೆ ಬಂದ ಮೇಲೆ ಈ ವಿದ್ಯೆ ಮೂಲೆಗೆ ಬಿತ್ತು ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಹೊಸ ಹುಡುಗರು ಯಾರೂ ಆ ಯಂತ್ರದ ಹತ್ತಿರ ಸುಳಿಯದ್ದರಿಂದ ನನ್ನಂಥ ಹಳಬರನ್ನು ಇದ್ದ ಊರಲ್ಲೇ ಇರಿ ಎಂದು ಹುಡುಕಿ ಹಿಡಿದರು.

ನಮ್ಮ ಮನೆಯಲ್ಲಿ ಈ ಉದ್ಯೋಗಕ್ಕೆ ಮರ್ಯಾದೆ ಅಷ್ಟಕ್ಕಷ್ಟೇ. ಅಪ್ಪನ ತಂಗಿ ಮಾಳವ್ವ ಅತ್ತೆ ನಮ್ಮ ಜೊತೆಗೇ ಇದ್ದಾಳೆ. ಎಪ್ಪತ್ತು ದಾಟಿದ್ದರೂ ದಿನಕ್ಕೆ ನಾಲ್ಕು ಸಲ ಮೆಟ್ಟಿಲು ಹತ್ತಿ ಬಂದು, ಚಹಾದ ಬಟ್ಟಲನ್ನು ಇಟ್ಟು, ತೆರೆ ನೋಡುತ್ತಾಳೆ. ಅವಳಿಗೆ ಓದು ಬರುವುದಿಲ್ಲ. ಆದರೂ ನೋಡುತ್ತಾಳೆ.

"ಮುಂಜಾನಿಂದ ಇದ ಐತಿ. ಮುಂದ ಹೋಗಿಲ್ಲೇನು?"

"ಹೋಗೈತಿ ಅತ್ತಿ. ಇವು ಬ್ಯಾರೆ ಸಾಲು."

"ನನಗೇನೋ ಎಲ್ಲಾ ಒಂದ ಕಂಡಂಗ ಕಾಣತಾವ," ಎಂದು ಹೇಳಿ ಖಾಲಿ ಬಟ್ಟಲು ಹಿಡಿದು ಇಳಿಯುತ್ತಾಳೆ. ಇನ್ನೂರು ಕುರಿಗಳಲ್ಲಿ ಒಂದೊಂದನ್ನೂ ಮುಖ ನೋಡಿ ಗುರುತಿಸುತ್ತಿದ್ದವಳು ಹೀಗೆಂದರೆ ನನಗೆ ಸಿಟ್ಟು ಬರುತ್ತದೆ.

ಈಗ ಆ ಸಾಲುಗಳ ಕಥೆ. ನಿಂಗಪ್ಪ ಕಡೇಚೂರಿನ ಒಂದು ಕಾರ್ಖಾನೆಯಲ್ಲಿ ಡ್ರಮ್ಮು ತುಂಬಿಸುವ ವಿಭಾಗದಲ್ಲಿದ್ದಾನೆ. ಆ ಕಂಪನಿಗೆ ಬೇರೆಬೇರೆ ರಾಜ್ಯಗಳಲ್ಲಿ ಕಾರ್ಖಾನೆಗಳಿವೆ. ಎಲ್ಲ ಕಾರ್ಮಿಕರ ಹೆಸರಿರುವುದು ನಾನು ನೋಡಿಕೊಳ್ಳುವ ಯಂತ್ರದಲ್ಲಿಯೇ. ಅದರಲ್ಲೊಂದು ಪಟ್ಟಿ ಮನೆಯವರದು. ಕಾರ್ಮಿಕನ ನಂಬರು ಮತ್ತು ಹೆಸರಿನ ಸಾಲು ಎಡದ ಅಂಚಿಗೆ ಹತ್ತಿಕೊಂಡು ನಿಲ್ಲುತ್ತದೆ. ಅದರ ಕೆಳಗೆ ಸ್ವಲ್ಪ ಒಳಗೆ ಸರಿದು ಅವನ ಮನೆಯವರ ಸಾಲುಗಳು: ಹೆಂಡತಿ, ಅಪ್ಪ, ಅಣ್ಣ, ಅವರವರ ಫೋನು. ಕಾರ್ಖಾನೆಯಲ್ಲಿ ಯಾರಿಗಾದರೂ ಏನಾದರೂ ಆದರೆ ಆಫೀಸಿನವರು ಈ ಪಟ್ಟಿ ತೆಗೆದು, ನಂಬರು ಹುಡುಕಿ, ಕೆಳಗಿನ ಮೊದಲ ಸಾಲಿಗೆ ಫೋನು ಹಚ್ಚಬೇಕು. ಆ ಪಟ್ಟಿಯಿಂದ ಇನ್ನೇನೂ ಕೆಲಸವಿಲ್ಲ, ಆದರೆ ಆ ಕೆಲಸ ಸಣ್ಣದಲ್ಲ.

ಹೋದ ವರ್ಷ ಕಡೇಚೂರಿನ ಕಾರ್ಖಾನೆಯಲ್ಲೇ ಒಬ್ಬನ ಕೈ ಯಂತ್ರಕ್ಕೆ ಸಿಕ್ಕಿತು. ಫೋನು ಹೋದದ್ದು ಗುರುಮಠಕಲ್ ಕಡೆಯ ಬೇರೊಬ್ಬಳಿಗೆ. ಆ ಹೆಣ್ಣುಮಗಳು ಓಣಿಯವರನ್ನೆಲ್ಲ ಕಟ್ಟಿಕೊಂಡು, ಜೀಪು ಮಾಡಿಕೊಂಡು, ಅಳುತ್ತ ಯಾದಗಿರಿಯ ದವಾಖಾನೆಗೆ ಬಂದಳು. ಹಾಸಿಗೆಯ ಮೇಲಿದ್ದವನು ಅವಳ ಗಂಡನಲ್ಲ. ಅವಳ ಗಂಡ ಅದೇ ಹೊತ್ತಿಗೆ ಕಡೇಚೂರಿನಲ್ಲಿ ರೊಟ್ಟಿ ಬುತ್ತಿ ಬಿಚ್ಚಿಕೊಂಡು ಕೂತಿದ್ದ. ಹಾಸಿಗೆಯ ಮೇಲಿದ್ದವನ ಹೆಂಡತಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಸಂಜೆಯಾಗಿತ್ತು. ಅಷ್ಟು ಹೊತ್ತು ಅವನು ಬಾಗಿಲ ಕಡೆ ನೋಡುತ್ತ ಮಲಗಿದ್ದನಂತೆ. ನಿಂಗಪ್ಪ ಮನೆಗೆ ಬಂದು ಇದನ್ನು ಹೇಳಿದಾಗ ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು.

ತಪ್ಪಾದದ್ದು ಹೇಗೆಂದರೆ, ಒಂದೊಂದು ಕಾರ್ಖಾನೆಯವರು ಕಳಿಸಿದ ಪಟ್ಟಿಯನ್ನು ಒಂದರ ಬಾಲಕ್ಕೊಂದು ಅಂಟಿಸಿ, ನಂಬರಿನ ಪ್ರಕಾರ ಸಾಲುಗಳನ್ನು ಕೈಯಿಂದ ಎತ್ತಿಎತ್ತಿ ಇಡುತ್ತಿದ್ದರು. ಎತ್ತಿಡುವವನಿಗೆ ಎಲ್ಲೋ ಕಣ್ಣು ಹತ್ತಿತು, ಒಂದು ಸಾಲು ಕೆಳಗೆ ಉಳಿಯಿತು. ನಮ್ಮ ಕೆಲಸದ ಮೇಲಿನವರು ರಹೀಂ ಸಾಹೇಬರು; ಕಲಬುರಗಿಯವರು, ಹೈದರಾಬಾದಿನಲ್ಲಿ ಕೂರುತ್ತಾರೆ. ಇನ್ನೊಮ್ಮೆ ಹೀಗಾಗಬಾರದು, ಏನು ಮಾಡೋಣ ಎಂದು ಎಲ್ಲರನ್ನೂ ಕೇಳಿದರು. ನನ್ನ ಬಾಯಿ ಸುಮ್ಮನಿರಬೇಕಲ್ಲ.

"ನಾ ಒಂದು ಮ್ಯಾಕ್ರೋ ಬರೀತೀನ್ರಿ," ಅಂದೆ.

ಮ್ಯಾಕ್ರೋ ಎಂದರೆ ಹೆದರಬೇಡಿ. ಎಡಿಟರಿಗೆ ಒಂದಾದ ಮೇಲೊಂದು ಹೇಳಬೇಕಾದ ಅಪ್ಪಣೆಗಳನ್ನು ಒಂದೇ ಸಲ ಬರೆದಿಟ್ಟು ಅದಕ್ಕೊಂದು ಹೆಸರಿಡುವುದು. ಆಮೇಲೆ ಆ ಹೆಸರು ಹೊಡೆದರೆ ಸಾಕು, ಯಂತ್ರ ಎಲ್ಲವನ್ನೂ ತಾನೇ ಮಾಡುತ್ತದೆ.

"ಸಾಲು ಹಚ್ಚೋ ಅಪ್ಪಣೆ ಎಡಿಟರ್‌ನಾಗ ಮೊದಲೇ ಅದಲ್ಲ ಬಾಯಿ," ಅಂದರು ರಹೀಂ ಸಾಹೇಬರು.

ಇತ್ತು. ಸಾಲುಗಳನ್ನು ನಂಬರಿನ ಕ್ರಮದಲ್ಲಿ ನಿಲ್ಲಿಸುವ ಅಪ್ಪಣೆ ಅದು. ಹಚ್ಚಿ ನೋಡಿದೆ. ಮನೆಯವರ ಸಾಲಿನಲ್ಲಿ ನಂಬರಿನ ಜಾಗ ಖಾಲಿ, ಆ ಅಪ್ಪಣೆಗೆ ಖಾಲಿಯಿದ್ದದ್ದೇ ಮೊದಲು. ಸಾವಿರಾರು ಹೆಂಡಿರು, ಅಪ್ಪಂದಿರು, ಅಣ್ಣತಮ್ಮಂದಿರು ಒಟ್ಟಿಗೆ ಮೇಲೆ ಬಂದು ನಿಂತರು. ಅವರ ಗಂಡಸರೆಲ್ಲ ಕೆಳಗೆ ಬೇರೆ ಗುಂಪಾಗಿ ಉಳಿದರು. ಮಾಡಿದ್ದನ್ನು ರದ್ದು ಮಾಡಿ ಹಿಂದಕ್ಕೆ ಬಂದೆ.

ಆದರೆ ಆ ಎರಡು ಗುಂಪು ನೋಡಿ ನನಗೊಂದು ಉಪಾಯ ಹೊಳೆಯಿತು, ಅದೇ ಕುತ್ತಾಯಿತು. ಕಾರ್ಖಾನೆಯ ಅರ್ಜಿಯಲ್ಲಿ ಮನೆಯವರ ಹೆಸರಿಗೆ ಎರಡೇ ಜಾಗ. ಸಾಲು ಎಣಿಸಿದೆ, ಮನೆಯವರು ಕಾರ್ಮಿಕರ ಸರಿಯಾಗಿ ಎರಡು ಪಟ್ಟು ಇದ್ದರು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಹಾಗಾದರೆ ಕಾರ್ಮಿಕರನ್ನು ಒಂದು ಕಡೆ, ಮನೆಯವರನ್ನು ಇನ್ನೊಂದು ಕಡೆ ಬಂದ ಕ್ರಮದಲ್ಲೇ ತೆಗೆದು, ಒಬ್ಬೊಬ್ಬನಿಗೆ ಎರಡೆರಡು ಸಾಲು ಹಂಚಿ, ಆಮೇಲೆ ನಂಬರಿನಂತೆ ನಿಲ್ಲಿಸಿದರೆ ಮುಗಿಯಿತು. ಸೋಮವಾರ ಮಧ್ಯಾಹ್ನದೊಳಗೆ ಬರೆದೆ. ಓಡಿಸಿದೆ. ಎಷ್ಟು ಚಂದ ಬಂತು ಅಂತೀರಿ. ಎಡಕ್ಕೊಂದು, ಒಳಗೆರಡು, ಎಡಕ್ಕೊಂದು, ಒಳಗೆರಡು, ಕೊನೆಯತನಕ. ರಹೀಂ ಸಾಹೇಬರಿಗೆ ಫೋನು ಹಚ್ಚಿ "ಆತ್ರಿ" ಅಂದುಬಿಟ್ಟೆ. ಶನಿವಾರ ಎಲ್ಲ ಕಾರ್ಖಾನೆಗೂ ಕಳಿಸೋಣ ಎಂದರು. ಕೆಳಗಿಳಿದು ಅತ್ತೆಗೆ ಮಂಡಕ್ಕಿ ನೆನೆಸಿ ಮಂಡಾಳು ಒಗ್ಗರಣೆ ಹಾಕಿಕೊಟ್ಟೆ, ಕೇಳದಿದ್ದರೂ.

ತಿಂದು ಮೇಲೆ ಬಂದವಳಿಗೆ ನನ್ನ ಹೆಸರು ನೋಡಬೇಕೆನಿಸಿತು. ಊರಿನ ಪಟ್ಟಿಯಲ್ಲಿ ಎಲ್ಲರೂ ಮೊದಲು ತಮ್ಮ ಹೆಸರನ್ನೇ ಹುಡುಕುತ್ತಾರೆ, ನಾನೇನು ಬೇರೆಯಲ್ಲ. ನಿಂಗಪ್ಪನ ಸಾಲು ಸಿಕ್ಕಿತು. ಕೆಳಗೆ ಹೆಂಡತಿಯೆಂದು ಯಾರೋ ಸಾವಿತ್ರಿ ಇದ್ದಳು. ನನ್ನ ಹೆಸರು ಹೊಡೆದು ಹುಡುಕಿದೆ. ಹೆಂಡತಿ, ರೇಣುಕಾ, ನಮ್ಮದೇ ಫೋನು. ನಾನು ಹೋಗಿ ಬೇರೆ ರಾಜ್ಯದ ಒಬ್ಬ ಬಾಯ್ಲರ್ ಆಪರೇಟರನ ಮನೆ ಸೇರಿದ್ದೆ.

ಆದದ್ದು ಇಷ್ಟೇ. ಕೆಲವರು ಒಂದೇ ಹೆಸರು ಕೊಟ್ಟಿದ್ದರು. ಕೆಲವರು ಅರ್ಜಿಯ ಅಂಚಿನಲ್ಲಿ ಮೂರನೆಯದನ್ನೂ ತುರುಕಿದ್ದರು. ಒಟ್ಟು ಲೆಕ್ಕ ಸರಿಹೋಗಿತ್ತು. ಆದರೆ ಮೊದಲ ಒಂಟಿ ಹೆಸರಿನವನು ಸಿಕ್ಕಲ್ಲಿಂದ ಒಬ್ಬರ ಮನೆಯವರು ಇನ್ನೊಬ್ಬರ ಕೆಳಗೆ ಸರಿಯುತ್ತ ಹೋಗಿದ್ದರು. ಮೊದಲಿದ್ದ ಪಟ್ಟಿಯಲ್ಲಿ ಒಂದೆರಡು ತಪ್ಪಿದ್ದರೆ ನನ್ನ ಚಂದದ ಪಟ್ಟಿಯಲ್ಲಿ ಸಾವಿರಾರು ಇದ್ದವು. ನನ್ನ ಹೆಸರು ಹುಡುಕದೇ ಇದ್ದಿದ್ದರೆ ಅದು ಹಾಗೇ ಹೋಗುತ್ತಿತ್ತು. ಎಷ್ಟು ಮನೆಯ ಬಾಗಿಲಲ್ಲಿ ಸುಳ್ಳು ಅಳು, ಎಷ್ಟು ಹಾಸಿಗೆಯ ಮೇಲೆ ಬಾಗಿಲು ನೋಡುವ ಕಣ್ಣು ಎಂದು ನೆನೆದು ಆ ಪಟ್ಟಿಯನ್ನು ಮುಚ್ಚಿಬಿಟ್ಟೆ.

ಸಂಜೆ ನಿಂಗಪ್ಪನಿಗೆ ಹೇಳಿದೆ. ಅವನು ಅಂಗಿ ಕಳಚುತ್ತಿದ್ದವನು ನಿಂತ.

"ನನಗೊಂದು ಮಾತು ಕೇಳದ ಹೋಗಿಬಿಟ್ಟಿ?"

"ಹುಡುಗಾಟ ಸಾಕು."

"ಹೋಗ್ಲಿ, ಆ ಸಾವಿತ್ರಿಗೆ ಅಡಿಗಿ ಬರತೈತೇನು?"

ಒಲೆಯ ಮುಂದಿದ್ದ ಅತ್ತೆ ನಕ್ಕಳು. ನನಗೆ ನಗು ಬರಲಿಲ್ಲ. ಇಂಥದ್ದೇ ತಪ್ಪನ್ನು ನಾನು ಮೊದಲೂ ಮಾಡಿದ್ದೆ, ಆಗ ಅದನ್ನು ತಿದ್ದಿದವಳು ಆ ನಗುವವಳೇ.

ಆಗ ನನಗೆ ಒಂಬತ್ತು ವರ್ಷ. ಕಕ್ಕೇರಾದಲ್ಲಿ ನಮ್ಮ ಮನೆಯಲ್ಲಿ ಕುರಿ ಇದ್ದವು. ದೊಡ್ಡ ಹಿಂಡು ಬೇರೆಯವರ ಜೊತೆ ಮೇಯಲು ಹೋದರೆ, ಹೊಸದಾಗಿ ಈದ ನಲವತ್ತು ತಾಯಿ ಕುರಿಗಳು ಮನೆಯ ಹತ್ತಿರದ ಹಟ್ಟಿಯಲ್ಲಿ ಉಳಿಯುತ್ತಿದ್ದವು. ಹಗಲು ತಾಯಿಗಳು ಹೊಲಕ್ಕೆ, ಮರಿಗಳು ಮುಳ್ಳುಬೇಲಿಯ ಗೂಡಿಗೆ. ಸಂಜೆ ತಾಯಿಗಳು ಬಂದಾಗ ಅತ್ತೆ ಗೂಡಿನ ಬಾಯಿ ತೆಗೆಯುತ್ತಿದ್ದಳು. ಸಣ್ಣವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಅವಳಿಗೆ ಆ ಮರಿಗಳೇ ಹೊತ್ತು ಕಳೆಯುವ ದಾರಿ. ಯಾವ ಮರಿ ಯಾರದೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ.

ಆ ವರ್ಷ ಅಪ್ಪನ ತಮ್ಮ ಬೀರಪ್ಪ ಕಾಕಾ ಬೇರೆಯಾಗಿ ಬೋನಾಳದ ಕೆರೆಯ ಕಡೆ ಇರುತ್ತೇನೆಂದ. ಕುರಿ ಪಾಲಾಗಬೇಕು: ಇಪ್ಪತ್ತು ತಾಯಿ ಅವನಿಗೆ, ಇಪ್ಪತ್ತು ನಮಗೆ, ಮರಿಗಳು ತಾಯಿಯ ಜೊತೆ. ಪಾಲಿನ ದಿನ ಅತ್ತೆ ಕಂಬಳಿ ಮಾರಲು ಸುರಪುರದ ಸಂತೆಗೆ ಹೋಗಿದ್ದಳು. ಸಂಜೆ ಬರುತ್ತಾಳೆ, ಬಂದ ಮೇಲೆ ಮಾಡೋಣ ಎಂದ ಅಪ್ಪ. ನಾನು ನಾಲ್ಕನೆಯ ಈಯತ್ತೆಯಲ್ಲಿದ್ದೆ, ನೂರರತನಕ ಬರೆಯಬಲ್ಲೆ, ಆ ಸೊಕ್ಕು ಇತ್ತು.

"ಅತ್ತಿ ಯಾಕ ಬೇಕು? ನಾ ನಂಬರ ಹಾಕಿ ಕೊಡ್ತೀನಿ," ಅಂದೆ.

ಈ ಡಬ್ಬಿ ತುಂಬ ಜಾಜು ಕಲಸಿ, ಬೇವಿನ ಕಡ್ಡಿಯ ತುದಿ ಜಜ್ಜಿ ಕುಂಚ ಮಾಡಿಕೊಂಡು, ಹಟ್ಟಿಯ ಬಾಯಿಂದ ಒಂದೊಂದೇ ಹೊರಬಂದ ತಾಯಿಗಳ ಬೆನ್ನಿಗೆ ಒಂದರಿಂದ ನಲವತ್ತು ಬರೆದೆ. ಆಮೇಲೆ ಗೂಡಿನ ಬಾಯಿಂದ ಒಂದೊಂದೇ ಹೊರಬಂದ ಮರಿಗಳಿಗೂ ಒಂದರಿಂದ ನಲವತ್ತು ಬರೆದೆ. ನಲವತ್ತು ತಾಯಿ, ನಲವತ್ತು ಮರಿ. ತಾಯಿಗೊಂದು ಮರಿ ಇರಲೇಬೇಕಲ್ಲ, ಲೆಕ್ಕ ಸರಿಯಾಗಿತ್ತು. ಅಪ್ಪನೂ ಕಾಕಾನೂ ನನ್ನ ಬರವಣಿಗೆ ನೋಡಿ ಖುಷಿಪಟ್ಟರು. ಬಿಸಿಲೇರುವ ಮುನ್ನ ಹೊರಡಬೇಕೆಂಬ ಅವಸರ ಬೇರೆ. ಒಂದರಿಂದ ಇಪ್ಪತ್ತರ ತಾಯಿಗಳನ್ನು ಕಾಕಾ ಹೊಡೆದುಕೊಂಡು ಹೋದ. ಒಂದರಿಂದ ಇಪ್ಪತ್ತರ ಮರಿಗಳನ್ನು ಟ್ರ್ಯಾಕ್ಟರಿನಲ್ಲಿ ಹಾಕಿ ಕಳಿಸಿದರು.

ಸಂಜೆ ಅತ್ತೆ ಸಂತೆಯಿಂದ ಬಂದಾಗ ಹಟ್ಟಿಯಲ್ಲಿ ಒಂದೇ ಸಮನೆ ಒದರಾಟ. ತಾಯಿಗಳು ಮರಿಗಳನ್ನು ಮೂಸುತ್ತವೆ, ಕೋಡಿಲ್ಲದ ತಲೆಯಿಂದ ದೂಡುತ್ತವೆ. ಮರಿಗಳು ಇನ್ನೊಂದರ ಹತ್ತಿರ ಹೋಗುತ್ತವೆ, ಅದೂ ದೂಡುತ್ತದೆ. ಅತ್ತೆ ಬೇಲಿ ಹಿಡಿದು ಒಂದೊಂದು ಮರಿಯ ಮುಖ ನೋಡಿದಳು. ನಲವತ್ತರಲ್ಲಿ ಐದು ಕುರಿ ಅವಳಿ ಈದಿದ್ದವು, ಐದರ ಮರಿ ಸತ್ತುಹೋಗಿದ್ದವು. ಅದು ಅವಳೊಬ್ಬಳಿಗೇ ಬಾಯಿಪಾಠವಿದ್ದದ್ದು.

ಮರುದಿನ ಬೆಳಕು ಹರಿಯುತ್ತಲೇ ನಮ್ಮ ಕುರಿ, ಮರಿ ಎಲ್ಲವನ್ನೂ ಟ್ರ್ಯಾಕ್ಟರಿಗೆ ಏರಿಸಿದಳು. "ಡಬ್ಬಿ ಹಿಡಕೊಂಡು ಬಾ," ಎಂದಳು ನನಗೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬೋನಾಳದ ಕೆರೆಯ ದಂಡೆಯಲ್ಲಿ, ಬಿಳಿ ಹಕ್ಕಿಗಳು ನೀರಲ್ಲಿ ಕಾಲೂರಿ ನಿಂತು ನೋಡುತ್ತಿದ್ದಾಗ, ಅತ್ತೆ ಮೊದಲು ಮಾಡಿದ ಕೆಲಸ ಒದ್ದೆ ಗೋಣಿಯಿಂದ ಮರಿಗಳ ಬೆನ್ನು ಒರೆಸಿದ್ದು. ನನ್ನ ನಲವತ್ತೂ ಅಂಕಿ ಹೋದವು. ತಾಯಿಗಳ ನಂಬರು ಹಾಗೇ ಬಿಟ್ಟಳು. ಆಮೇಲೆ ಎಲ್ಲ ತಾಯಿಗಳನ್ನೂ ಒಂದು ಕಡೆ ನಿಲ್ಲಿಸಿ, ಹಸಿದ ಮರಿಗಳನ್ನು ಒಂದೊಂದಾಗಿ ಬಿಟ್ಟಳು. ಮರಿ ಓಡಿ ಹೋಗಿ ಒಂದು ಕುರಿಯ ಕೆಚ್ಚಲಿಗೆ ಬಾಯಿ ಹಾಕುತ್ತದೆ, ಕುರಿ ಮೂಸಿ ಸುಮ್ಮನೆ ನಿಲ್ಲುತ್ತದೆ. ಆಗ ಅತ್ತೆ ನನ್ನ ಕಡೆ ತಿರುಗುತ್ತಾಳೆ.

"ತಾಯಿ ನಂಬರ ಏನೈತಿ?"

"ಹದಿನೇಳು."

"ಮರೀಗೂ ಅದ ಹಾಕು."

ಅವಳಿ ಇದ್ದರೆ ಎರಡಕ್ಕೂ ಅದೇ ನಂಬರು. ಮರಿ ಇಲ್ಲದ ತಾಯಿಯ ನಂಬರು ಯಾವ ಮರಿಗೂ ಇಲ್ಲ. ಹಾಕುತ್ತ ಹಾಕುತ್ತ ಮಧ್ಯಾಹ್ನವಾಯಿತು. ಕಡೆಗೊಂದು ಮರಿ ಉಳಿಯಿತು, ಹಣೆಯ ಮೇಲೆ ಬಿಳಿ ಚುಕ್ಕೆಯದು. ಅದು ಏಳಲಿಲ್ಲ. ಹಿಂದಿನ ದಿನದಿಂದ ಹಾಲಿರಲಿಲ್ಲ, ಮೊದಲೇ ಸಣ್ಣ ಮರಿ. ಮೂವತ್ತೊಂದನೆಯ ನಂಬರಿನ ತಾಯಿ ಬಂದು ಅದನ್ನು ಮೂರು ಸಲ ಮೂಸಿ, ಮೂರು ಸಲ ಕಾಲಿಂದ ಕೆದರಿ ಎಬ್ಬಿಸಿ ನೋಡಿತು. ನಾನು ಕುಂಚ ಹಿಡಿದು ನಿಂತೇ ಇದ್ದೆ. ಆಗ ಅತ್ತೆ ಒಂದೇ ಮಾತು ಹೇಳಿದಳು.

"ಲೆಕ್ಕ ಸರಿ ಇತ್ತವ್ವ ನಿಂದು. ಮರಿ ಯಾರದಂತ ಕೇಳಲಿಲ್ಲ ನೀ."

ಆ ಸೋಮವಾರ ಸಂಜೆ ಈ ಮಾತು ಮತ್ತೆ ಕಿವಿಯಲ್ಲಿ ಕೂತಿತು. ಒಂಬತ್ತಕ್ಕೆ ಮಾಡಿದ ತಪ್ಪನ್ನೇ ನಲವತ್ತಾರಕ್ಕೂ ಮಾಡಿದ್ದೆ, ನಡುವೆ ಒಂದು ಬಿಎಸ್‌ಸಿ ಓದಿಕೊಂಡು. ಮರುದಿನ ಬೆಳಿಗ್ಗೆ ರಹೀಂ ಸಾಹೇಬರಿಗೆ ಫೋನು ಹಚ್ಚಿ, ಆಗಿಲ್ಲರಿ, ಎಲ್ಲಾ ತಪ್ಪೈತ್ರಿ, ಕಳಿಸಬ್ಯಾಡ್ರಿ ಅಂದೆ.

"ಜಾನೇ ದೋ ರೇಣುಕಾಬಾಯಿ. ನಾಕ್ ಮಂದಿ ಕೂಡಿ ಕೈಲೇ ಮಾಡ್ತಾರ. ನೀವು ಯಾಕ ತಲಿ ಕೆಡಿಸ್ಕೊಳ್ತೀರಿ?"

"ಕೈಲೇ ಮಾಡಿದ್ದಕ್ಕ ಆ ಗುರುಮಠಕಲ್ ಹೆಣ್ಮಗಳು ಅತ್ತಿದ್ದು ಸಾಹೇಬರ. ಶನಿವಾರತನ ನನಗ ಬಿಡ್ರಿ."

"ಶನಿವಾರ ಆಗದಿದ್ರ?"

"ಆಗತೈತಿ."

ಅಷ್ಟು ಗಟ್ಟಿಯಾಗಿ ಹೇಳಲು ನನ್ನ ಹತ್ತಿರ ಆಗ ಇದ್ದದ್ದು ಈ ಜಾಜಿನ ಡಬ್ಬಿ ಮಾತ್ರ. ಹಿಂದಿನದನ್ನು ಪೂರ್ತಿ ಅಳಿಸಿದೆ. ಅತ್ತೆ ಮಾಡಿದ್ದನ್ನೇ ಬರೆಯಲು ಕೂತೆ: ಪಟ್ಟಿಯನ್ನು ಕಲಕುವುದಕ್ಕೆ ಮೊದಲೇ, ಅದು ಇದ್ದ ಹಾಗೇ ಮೇಲಿಂದ ಕೆಳಗೆ ಬಾ. ಎಡದ ಅಂಚಿಗೆ ನಿಂತ ಸಾಲು ಸಿಕ್ಕರೆ ಅದರ ನಂಬರು ನೆನಪಿಡು. ಒಳಗೆ ಸರಿದ ಸಾಲು ಸಿಕ್ಕರೆ, ಒಂದಿರಲಿ ಮೂರಿರಲಿ, ಆ ನಂಬರನ್ನೇ ಅದಕ್ಕೂ ಹಚ್ಚು. ಇನ್ನೊಂದು ಎಡದ ಸಾಲು ಬಂದಾಗ ನಂಬರು ಬದಲಿಸು. ಎಲ್ಲಕ್ಕೂ ಗುರುತು ಬಿದ್ದ ಮೇಲೆ ಸಾಲು ಹಚ್ಚು, ಹಚ್ಚಿದ ಮೇಲೆ ಗುರುತು ಒರೆಸು.

ಬುಧವಾರ ಮೊದಲ ತೊಡಕು. ಆ ಯಂತ್ರದಲ್ಲಿ ಒಂದು ಸಾಲಿಗೆ ಎಂಬತ್ತೇ ಅಕ್ಷರದ ಜಾಗ, ಎಡದ ಖಾಲಿ ಜಾಗ ಮನೆಯವರ ಸಾಲೆಂದು ತಿಳಿಯಲು ಬೇಕೇ ಬೇಕು, ಉಳಿದದ್ದೆಲ್ಲ ತುಂಬಿತ್ತು. ಗುರುತು ಬರೆಯಲು ಹೋದರೆ ಬಲಗಡೆ ಫೋನ್ ನಂಬರಿನ ಬಾಲ ತುಂಡಾಗಿ ಬೀಳುತ್ತಿತ್ತು. ಶಹಾಪುರದಲ್ಲಿ ನಾನು ಟೈಪಿಂಗ್ ಕಲಿತ ಕೋಣೆ ನೆನಪಾಯಿತು. ಸಾಲಿನ ಅಂಚು ಹತ್ತಿರ ಬಂದರೆ ಆ ಹಳೆಯ ಯಂತ್ರ ಟಿಂಗ್ ಎನ್ನುತ್ತಿತ್ತು. ಕಿಟಕಿಯಾಚೆಯ ಗುಡ್ಡ ನೋಡುತ್ತ ಹೊಡೆಯುವ ಚಟ ನನಗೆ. ಟಿಂಗ್ ಎಂದದ್ದು ಕೇಳದೆ ಮುಂದೆ ಹೊಡೆದು, ಅಕ್ಷರದ ಮೇಲೆ ಅಕ್ಷರ ಬಿದ್ದು ಕರಿ ಗುಡ್ಡೆಯಾಗುತ್ತಿತ್ತು. ಮಾಸ್ತರರು ಕಾಗದ ಎತ್ತಿ ಹಿಡಿದು "ಇದು ಯಾವ ಭಾಷಾ?" ಎಂದು ಕೇಳುತ್ತಿದ್ದರು. ಮೇನ್‌ಫ್ರೇಮ್ ಅಷ್ಟೂ ಮಾಡುವುದಿಲ್ಲ, ಸದ್ದಿಲ್ಲದೆ ಕತ್ತರಿಸುತ್ತದೆ. ಹಾಗಾಗಿ ಗುರುತುಗಳನ್ನು ಸಾಲಿನ ಮೇಲೆ ಬರೆಯದೆ ಯಂತ್ರದ ನೆನಪಿನಲ್ಲಿ ಬೇರೆಯಾಗಿ ಇಟ್ಟೆ. ಅಂದರೆ ಎಡಿಟರಿನ ಸಿದ್ಧ ಅಪ್ಪಣೆ ಕೆಲಸಕ್ಕೆ ಬಾರದು, ಸಾಲು ಹಚ್ಚುವ ಕೆಲಸವನ್ನೂ ನಾನೇ ಬರೆಯಬೇಕು. ಬರೆದೆ. ಅರ್ಧಕ್ಕೆ ಕರೆಂಟು ಹೋಗಿ ಸಂಪರ್ಕ ಕಡಿದು ಬರೆದದ್ದೂ ಹೋಯಿತು. ಇನ್ನೊಮ್ಮೆ ಬರೆದೆ.

ಗುರುವಾರ ಎರಡನೆಯ ತೊಡಕು. ಅವರವರ ಮನೆಯವರು ಅವರವರ ಕೆಳಗೇ ಬಂದರು, ಆದರೆ ಒಳಗಿನ ಸಾಲುಗಳು ಮೇಲೆಕೆಳಗಾಗಿದ್ದವು. ನಿಂಗಪ್ಪನ ಕೆಳಗೆ ಮೊದಲು ನನ್ನ ಮೈದುನ, ಆಮೇಲೆ ನಾನು. ಮೈದುನ ಫೋನನ್ನು ಎತ್ತಿನ ಬಂಡಿಯಲ್ಲಿ ಮರೆತು ಹೊಲಕ್ಕೆ ಹೋಗುವ ಆಸಾಮಿ. ಬರೆದವನು ಯಾರನ್ನು ಮೊದಲು ಕರೆಯಿರಿ ಎಂದನೋ ಅವರೇ ಮೊದಲು ಇರಬೇಕು. ಒಂದೊಂದು ಗುರುತಿನ ಜೊತೆ ಮೊದಲನೆಯದು, ಎರಡನೆಯದು ಎಂಬುದನ್ನೂ ಸೇರಿಸಿದೆ.

ಶುಕ್ರವಾರ ಏಳು ಸಾಲು ಉಳಿದವು. ಒಂದು ಕಾರ್ಖಾನೆಯ ಪಟ್ಟಿಯ ಮೇಲ್ಗಡೆ, ಎಡದ ಸಾಲೇ ಇಲ್ಲದೆ ಒಳಗಿನ ಸಾಲುಗಳಷ್ಟೇ ಇದ್ದವು. ಯಾರ ಹೆಂಡತಿ, ಯಾರ ಅಪ್ಪ, ಗೊತ್ತಿಲ್ಲ. ಮ್ಯಾಕ್ರೋ ಅವನ್ನು ಹಿಂದಿನ ಕಾರ್ಖಾನೆಯ ಕೊನೆಯವನಿಗೆ ಅಂಟಿಸಲು ನೋಡುತ್ತಿತ್ತು. ನಾನು ಕೂತು ಯೋಚಿಸುತ್ತಿದ್ದಾಗ ಅತ್ತೆ ಚಹಾ ತಂದಳು.

"ಅತ್ತಿ, ತಾಯಿ ಯಾವುದಂತ ತಿಳೀದ ಮರಿ ಬಂದ್ರ ಏನ್ ಮಾಡ್ತಿದ್ದಿ?"

"ಬಾಜೂಕ ಕಟ್ಟಿ, ಕೇಳ್ಕೋತ ಹೋಗ್ತಿದ್ವಿ. ಯಾರದರ ಇರತೈತಲ್ಲ."

"ಸುಮ್ನ ಯಾವುದರ ತಾಯಿಗೆ ಬಿಟ್ರ?"

"ಅದು ಒದೀತೈತಿ. ನಿನ್ನ ಮಿಶಿನ್ ಒದಿಯಂಗಿಲ್ಲ ಅನಸತೈತಿ," ಎಂದಳು ತೆರೆ ನೋಡುತ್ತ.

ಒದೆಯುವಂತೆ ಮಾಡಿದೆ. ತಾಯಿ ಸಾಲು ಸಿಗದ ಸಾಲುಗಳನ್ನು ಯಾರಿಗೂ ಕೊಡದೆ ಕೊನೆಯಲ್ಲಿ ಬೇರೆ ಇಟ್ಟು, ಇವು ಯಾರವು ಎಂದು ಕೇಳುವ ಹಾಗೆ ಬರೆದೆ. ರಹೀಂ ಸಾಹೇಬರು ಆ ಕಾರ್ಖಾನೆಗೆ ಫೋನು ಮಾಡಿ ಕೇಳಿ, ಏಳನ್ನೂ ಅವರವರ ಮನೆ ಸೇರಿಸಿದರು.

ಹೆಸರಿಡುವುದೊಂದು ಬಾಕಿ ಇತ್ತು. ಆ ಯಂತ್ರದಲ್ಲಿ ಹೆಸರು ಎಂಟು ಅಕ್ಷರ ಮೀರುವಂತಿಲ್ಲ. ಮಾಳವ್ವ ಎಂದು ಇಂಗ್ಲಿಷಿನಲ್ಲಿ ಬರೆದರೆ ಏಳೇ. ಶನಿವಾರ ಬೆಳಿಗ್ಗೆ ಹೆಸರು ಹೊಡೆದು ಗುಂಡಿ ಒತ್ತಿದೆ. ಸಾಲುಗಳು ನಿಂತವು. ಈ ಸಲ ನಾನು ಎಣಿಸಲಿಲ್ಲ. ನಿಂಗಪ್ಪನ ಸಂಗಡಿಗರಲ್ಲಿ ಇಪ್ಪತ್ತು ಮಂದಿಯ ಮನೆಯವರ ಹೆಸರನ್ನು ಅವನಿಗೆ ಫೋನಿನಲ್ಲಿ ಓದಿ ಹೇಳಿದೆ, ಅವನು ಊಟದ ಹೊತ್ತಿನಲ್ಲಿ ಒಬ್ಬೊಬ್ಬರನ್ನೂ ಕೇಳಿದ. ಒಬ್ಬ ತನ್ನ ಹೆಂಡತಿಯ ಹೆಸರು ನಿನಗೆ ಹೇಗೆ ಗೊತ್ತು ಎಂದು ಜಗಳಕ್ಕೇ ನಿಂತನಂತೆ. ಇಪ್ಪತ್ತೂ ಸರಿ ಇದ್ದವು. ಪಟ್ಟಿ ಹೋಯಿತು.

ನಿನ್ನ ಹೆಸರಿಟ್ಟಿದ್ದೇನೆ ಎಂದು ಅತ್ತೆಗೆ ಹೇಳಿದೆ. "ನನ್ನ ಹೆಸರ ತಗೊಂಡು ಅದೇನ್ ಮಾಡತೈತಿ?" ಎಂದಳು. ಯಾರ ಸಾಲಿನ ಕೆಳಗೆ ಯಾರಿರಬೇಕೋ ಅವರನ್ನು ತಂದು ನಿಲ್ಲಿಸುತ್ತದೆ ಎಂದೆ. "ಹಂಗಾರ ಇರ್ಲಿ," ಎಂದಳು.

ಅದಾಗಿ ಎರಡು ತಿಂಗಳಾಗಿರಬೇಕು. ಮಧ್ಯಾಹ್ನ ಅತ್ತೆ ನನ್ನ ಕೋಣೆಯ ಬಾಗಿಲಲ್ಲೇ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಗುರುತಿಲ್ಲದ ನಂಬರಿನಿಂದ ಫೋನು ಬಂತು.

"ನಿಂಗಪ್ಪ ಅವರ ಮನಿಯವ್ರೇನ್ರಿ? ರೇಣುಕಾ ಅಂತ ಐತ್ರಿ ಇಲ್ಲಿ."

"ಹೌದ್ರಿ."

"ಗಾಬರಿ ಆಗಬ್ಯಾಡ್ರಿ. ಡ್ರಮ್ಮು ಉಳ್ಳಿ ಕಾಲಮ್ಯಾಗ ಬಿದ್ದೈತಿ. ಯಾದಗಿರಿ ದವಾಖಾನಿಗೆ ಕರ್ಕೊಂಡು ಬರಾಕತ್ತೀವಿ. ಮಾತಾಡಾಕತ್ತಾರ್ರಿ, ಎಚ್ಚರ ಅದಾರ." ಆ ಮನುಷ್ಯ ತಡೆದು ತಡೆದು ಕೇಳಿದ: "ಹೋದ ವರ್ಷ ಒಮ್ಮಿ ತಪ್ಪಾಗಿತ್ರಿ, ಅದಕ್ಕ ಕೇಳಾಕತ್ತೀನಿ. ಬ್ಯಾರೆ ಮನಿಗೇನು ಹತ್ತಿಲ್ಲಲ್ರಿ ಫೋನು?"

ನಿಮ್ಮ ಹತ್ತಿರ ಸುಳ್ಳು ಯಾಕೆ ಹೇಳಲಿ. ಆ ಒಂದು ಗಳಿಗೆ, ಬೇರೆ ಮನೆ ಎನ್ನಬೇಕೆನಿಸಿತು. ನನ್ನನ್ನು ಇನ್ನೊಬ್ಬನ ಹೆಂಡತಿ ಮಾಡಿದ್ದ ಆ ಕೆಟ್ಟ ಮ್ಯಾಕ್ರೋ ಇನ್ನೂ ಇರಬಾರದಿತ್ತೇ ಎನಿಸಿತು. ಸಾವಿತ್ರಿ ಎತ್ತಲಿ ಈ ಫೋನು, ನಾನಲ್ಲ.

"ಇಲ್ರಿ," ಅಂದೆ. "ಬರೋಬ್ಬರಿ ಹತ್ತೈತಿ."

ಅತ್ತೆಯನ್ನು ಆಟೋದಲ್ಲಿ ಕೂರಿಸಿಕೊಂಡು ಹೋದೆ. ಕಡೇಚೂರಿನಿಂದ ಗಾಡಿ ಬರುವಷ್ಟರಲ್ಲಿ ನಾವಿಬ್ಬರೂ ದವಾಖಾನೆಯ ಬಾಗಿಲಲ್ಲಿ ನಿಂತಿದ್ದೆವು. ಅವನನ್ನು ಇಳಿಸಿದರು. ಕಾಲಿಗೆ ಅರಿವೆ ಸುತ್ತಿತ್ತು, ಮುಖ ಬೂದಿಯಾಗಿತ್ತು. ಕಾಲಿನ ಎರಡು ಬೆರಳು ಮುರಿದಿವೆ, ಉಳಿದ ಕಾಲಿಗೆ ಏನೂ ಆಗಿಲ್ಲ ಎಂಬುದು ಆಮೇಲೆ ತಿಳಿದದ್ದು. ಆಗ ಅವನು ಮಲಗಿದಲ್ಲಿಂದಲೇ ಬಾಗಿಲ ಕಡೆ ತಿರುಗಿ ನೋಡಿದ, ನೋಡಿದವನ ಕಣ್ಣು ನನ್ನ ಮೇಲೆ ನಿಂತಿತು.

"ನೀ ಹ್ಯಾಂಗ ಇಷ್ಟು ಜಲ್ದಿ ಬಂದಿ?" ಎಂದ.

ಅತ್ತೆ ಖಾರದ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವನ ತಲೆ ಸವರಿದಳು.

"ನಿನ್ನ ಸಾಲಿನ ಕೆಳಗ ಇಕೀನ ಅದಾಳಲ್ಲೋ."